ಒಡೆಯನಿಲ್ಲದ ಮನೆಯ ಆಡಳಿತ: ಡೆಬಿಯನ್ ಸಮುದಾಯದ ಒಂದು ವಿವಾದದ ಇತಿಹಾಸ



ಇತಿಹಾಸದ ಉಪನ್ಯಾಸವೆಂದರೆ ರಾಜಮಹಾರಾಜರ, ಶಾಸನಗಳ, ಯುದ್ಧಗಳ ಮಾತನ್ನು ನಿರೀಕ್ಷಿಸುವುದು ಸಹಜ. ಇಂದು ನಾವು ತಮ್ಮ ಮುಂದೆ ಇಡಲಿರುವ ಇತಿಹಾಸದಲ್ಲಿ ರಾಜನಿಲ್ಲ, ಸೈನ್ಯವಿಲ್ಲ, ರಾಜಧಾನಿಯೂ ಇಲ್ಲ. ಆದರೆ ಸಂವಿಧಾನವಿದೆ, ಚುನಾವಣೆಯಿದೆ, ವಾದ ಪ್ರತಿವಾದಗಳಿವೆ. ಕೊನೆಗೆ ಮನೆ ಒಡೆದು ಕೆಲವರು ಬೇರೆ ಒಲೆ ಹೂಡಿದ ಪ್ರಸಂಗವೂ ಇದೆ. ಇದು ಡೆಬಿಯನ್ ಎಂಬ ಗಣಕ ಕಾರ್ಯಾಚರಣ ವ್ಯವಸ್ಥೆಯ, ಅಂದರೆ ಆಪರೇಟಿಂಗ್ ಸಿಸ್ಟಮ್ ಒಂದರ, ಇತಿಹಾಸದಲ್ಲಿ ಬರುವ ಒಂದು ಅಧ್ಯಾಯ.

ಈ ಸಭೆಯಲ್ಲಿ ಗಣಕ ವೃತ್ತಿಯವರು ಹಲವರಿರುವಂತೆ, ಊರಿನವರೊಡನೆ ಮಾತನಾಡಲು ಮಾತ್ರ ಗಣಕವನ್ನು ಮುಟ್ಟುವವರೂ ಇದ್ದಾರೆ. ಆದುದರಿಂದ ತಾಂತ್ರಿಕ ವಿವರಗಳನ್ನು ಅಗತ್ಯವಿದ್ದಷ್ಟೇ ಹೇಳುತ್ತೇವೆ. ನಮ್ಮ ಮುಖ್ಯ ಪ್ರಶ್ನೆ ಬೇರೆಯದು. ಸಂಘದಿಂದ ಸಂಬಳವಿಲ್ಲದೆ, ಒಡೆಯನಿಲ್ಲದೆ, ಹಲವು ದೇಶಗಳಲ್ಲಿ ಚದುರಿಕೊಂಡು ಒಂದೇ ಕೆಲಸ ಮಾಡುವ ಜನರು ದೊಡ್ಡದೊಂದು ಬದಲಾವಣೆಯ ಬಗೆಗೆ ಭಿನ್ನಮತ ತಾಳಿದಾಗ ತೀರ್ಮಾನಿಸುವ ಹಕ್ಕು ಯಾರದು? ತೀರ್ಮಾನವಾದ ಮೇಲೆ ಸೋತವರ ಗತಿಯೇನು? ಪರದೇಶದಲ್ಲಿ ಸಂಘಗಳನ್ನು ಕಟ್ಟಿಕೊಂಡಿರುವ ನಮಗೆ ಈ ಪ್ರಶ್ನೆಗಳು ಅಪರಿಚಿತವಲ್ಲವೆಂದು ಭಾವಿಸುತ್ತೇವೆ.

ಹುಟ್ಟು ಮತ್ತು ಹೆಸರು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆ ಹುಟ್ಟಿತು. ಅದರ ಜಾಡನ್ನೇ ಹಿಡಿದು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕದ ಮುಂದಿಟ್ಟರು. ತಿರುಳೊಂದರಿಂದಲೇ ಗಣಕ ಬಳಕೆಗೆ ಒದಗುವುದಿಲ್ಲ. ಅದರ ಸುತ್ತ ನೂರಾರು ತಂತ್ರಾಂಶಗಳನ್ನು ಹೊಂದಿಸಿ, ಒಂದು ಇನ್ನೊಂದಕ್ಕೆ ಅಡ್ಡಬಾರದಂತೆ ಜೋಡಿಸಿ ಕೊಡುವವರು ಬೇಕು. ಈ ಕೆಲಸಕ್ಕೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಅವರು 1993ರ ಆಗಸ್ಟ್ 16ರಂದು ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. ತಮ್ಮ ಗೆಳತಿ ಡೆಬ್ರಾ ಅವರ ಹೆಸರಿನ ಮೊದಲ ಭಾಗಕ್ಕೆ ತಮ್ಮ ಹೆಸರನ್ನು ಸೇರಿಸಿ 'ಡೆಬಿಯನ್' ಎಂದು ಕರೆದರು.

ಮಕ್ಕಳಿಗೆ ಪ್ರಿಯವಾಗುವ ಸಂಗತಿಯೊಂದಿದೆ. ಡೆಬಿಯನ್ನಿನ ಆವೃತ್ತಿಗಳಿಗೆಲ್ಲ 'ಟಾಯ್ ಸ್ಟೋರಿ' ಚಲನಚಿತ್ರಗಳ ಪಾತ್ರಗಳ ಹೆಸರಿದೆ. ಮರ್ಡಾಕ್ ಅವರ ಅನಂತರ ಯೋಜನೆಯ ನಾಯಕತ್ವ ವಹಿಸಿದ ಬ್ರೂಸ್ ಪೆರೆನ್ಸ್ ಅವರು ಆ ಚಿತ್ರವನ್ನು ತಯಾರಿಸಿದ ಪಿಕ್ಸಾರ್ ಸಂಸ್ಥೆಯಲ್ಲಿದ್ದರು. ಸದಾ ಬದಲಾಗುತ್ತಿರುವ, ಯಾವಾಗ ಕೆಡುವುದೋ ಹೇಳಲಾಗದ ಅಸ್ಥಿರ ಆವೃತ್ತಿಗೆ 'ಸಿಡ್' ಎಂದು ಹೆಸರು. ಚಿತ್ರದಲ್ಲಿ ಸಿಡ್ ಎಂದರೆ ಆಟಿಕೆಗಳನ್ನು ಮುರಿಯುವ ಪಕ್ಕದ ಮನೆಯ ತುಂಟ.

1997ರ ಜುಲೈನಲ್ಲಿ ಡೆಬಿಯನ್ನಿನವರು ಬಳಕೆದಾರರೊಡನೆ ಒಂದು 'ಸಾಮಾಜಿಕ ಒಪ್ಪಂದ'ವನ್ನು ಮಾಡಿಕೊಂಡರು. ಸಮಸ್ಯೆಗಳನ್ನು ಮರೆಮಾಚುವುದಿಲ್ಲ ಎಂಬುದು ಅದರ ಒಂದು ವಚನ. ಯಾರಾದರೂ ದೋಷವೊಂದನ್ನು ತಿಳಿಸಿದರೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ದೂರು, ಪ್ರಶ್ನೆ, ಪರೀಕ್ಷೆ, ಪರಿಹಾರ ಎಲ್ಲವೂ ಆ ಸಂಖ್ಯೆಯ ಕೆಳಗೆ ಎಲ್ಲರ ಕಣ್ಣಿಗೂ ಕಾಣುವಂತೆ ದಾಖಲಾಗುತ್ತವೆ. ಅತಿ ಗಂಭೀರವೆಂದು ಗುರುತಿಸಲಾದ ದೋಷಗಳು ಉಳಿದಿರುವವರೆಗೆ ಹೊಸ ಆವೃತ್ತಿಯನ್ನು ತಡೆಹಿಡಿಯುವುದು ವಾಡಿಕೆ. ಹಬ್ಬದ ದಿನವನ್ನು ಮೊದಲೇ ಗೊತ್ತುಮಾಡದೆ, ಅಡಿಗೆ ಬೆಂದ ಮೇಲೆಯೇ ಎಲೆ ಹಾಕುವ ಪದ್ಧತಿಯಿದು.

ಬರೆದಿಟ್ಟ ಸಂವಿಧಾನ

1998ರ ಡಿಸೆಂಬರ್‌ನಲ್ಲಿ ಡೆಬಿಯನ್ ತನ್ನ ಸಂವಿಧಾನವನ್ನು ಅಂಗೀಕರಿಸಿತು. ಇಂಗ್ಲೆಂಡಿನ ತಂತ್ರಜ್ಞರಾದ ಇಯಾನ್ ಜಾಕ್ಸನ್ ಅವರು ಇದರ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ವರ್ಷಕ್ಕೊಮ್ಮೆ ಸದಸ್ಯರೇ ಆರಿಸುವ ನಾಯಕರು, ಮತ ಎಣಿಸಿ ನಿಯಮಗಳ ಅರ್ಥ ಹೇಳುವ ಕಾರ್ಯದರ್ಶಿ, ತಾಂತ್ರಿಕ ವ್ಯಾಜ್ಯಗಳನ್ನು ತೀರ್ಮಾನಿಸುವ ತಾಂತ್ರಿಕ ಸಮಿತಿ, ಇವರೆಲ್ಲರ ಮೇಲೆ ಸದಸ್ಯರೆಲ್ಲರ ಸಾಮಾನ್ಯ ನಿರ್ಣಯ, ಹೀಗೆ ಅಧಿಕಾರವನ್ನು ಹಂಚಲಾಯಿತು. ತಾಂತ್ರಿಕ ಸಮಿತಿಯಲ್ಲಿ ಗರಿಷ್ಠ 8 ಮಂದಿ ಇರಬಹುದು.

ಈ ಸಂವಿಧಾನದ ಎರಡು ಅಂಶಗಳನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮೊದಲನೆಯದು, ಯಾವ ಸದಸ್ಯನನ್ನೂ ಇಂಥ ಕೆಲಸ ಮಾಡೆಂದು ಬಲಾತ್ಕರಿಸುವಂತಿಲ್ಲ. ಆದರೆ ನಿಯಮಾನುಸಾರ ಆದ ತೀರ್ಮಾನಕ್ಕೆ ವಿರುದ್ಧವಾಗಿ ಅವನು ಸಕ್ರಿಯವಾಗಿ ಕೆಲಸ ಮಾಡುವಂತೆಯೂ ಇಲ್ಲ. ಎರಡನೆಯದು, ಮತಪತ್ರದಲ್ಲಿ ಸದಸ್ಯರು ಒಂದೇ ಹೆಸರಿಗೆ ಗುರುತು ಹಾಕದೆ ಎಲ್ಲ ಆಯ್ಕೆಗಳನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಜೋಡಿಸುತ್ತಾರೆ. ಅಂದಿನ ನಿಯಮದಂತೆ 'ಚರ್ಚೆ ಮುಂದುವರಿಯಲಿ' ಎಂಬುದೂ ಪ್ರತಿಯೊಂದು ಮತಪತ್ರದಲ್ಲಿ ಒಂದು ಆಯ್ಕೆಯಾಗಿರುತ್ತಿತ್ತು. ಯಾವ ಪ್ರಸ್ತಾವವೂ ಹಿಡಿಸದವರು ಅದನ್ನೇ ಎಲ್ಲಕ್ಕಿಂತ ಮೇಲಿಡಬಹುದಾಗಿತ್ತು.

ಈ ಏರ್ಪಾಡು ಹದಿನೈದು ವರ್ಷ ನಡೆದುಬಂದಿತು. ಡೆಬಿಯನ್ನನ್ನು ತಳಹದಿಯಾಗಿ ಇಟ್ಟುಕೊಂಡು ಉಬುಂಟು ಮುಂತಾದ ಅನೇಕ ವ್ಯವಸ್ಥೆಗಳು ಹುಟ್ಟಿದವು. 2013ರಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಲ್ಯಾಪ್‌ಟಾಪ್‌ಗಳನ್ನೂ ಡೆಬಿಯನ್ನಿಗೆ ಬದಲಾಯಿಸಲಾಗುತ್ತಿದೆಯೆಂಬ ವಾರ್ತೆ ಬಂದಿತು. ಇಲ್ಲಿ ಆಗುವ ಒಂದು ಬದಲಾವಣೆ ಎಷ್ಟು ದೂರ ಮುಟ್ಟುತ್ತಿತ್ತೆಂಬುದನ್ನು ಇದರಿಂದ ಊಹಿಸಬಹುದು. ಅದೇ ವರ್ಷದ ಕೊನೆಯಲ್ಲಿ ಬಂದ ಪರೀಕ್ಷೆಯೇ ನಮ್ಮ ಇಂದಿನ ವಿಷಯ.

ಮೊದಲು ಏಳುವವನು

ಗಣಕವನ್ನು ಚಾಲೂ ಮಾಡಿದಾಗ ತಿರುಳು ಎಚ್ಚರಗೊಂಡು ಮೊಟ್ಟಮೊದಲು ಒಂದೇ ಒಂದು ಕೆಲಸಗಾರನನ್ನು ಎಬ್ಬಿಸುತ್ತದೆ. ಅವನ ಸಂಖ್ಯೆ 1, ಹೆಸರು 'ಇನಿಟ್'. ಅವಿಭಕ್ತ ಕುಟುಂಬದಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಒಲೆ ಹಚ್ಚಿ, ಉಳಿದವರನ್ನು ಒಬ್ಬೊಬ್ಬರಾಗಿ ಎಬ್ಬಿಸುವ ಹಿರಿಯರಂತೆ ಇನಿಟ್ ಮಿಕ್ಕೆಲ್ಲ ಸೇವೆಗಳನ್ನು ಆರಂಭಿಸುತ್ತದೆ. ಹುಟ್ಟಿಸಿದ ಕೆಲಸ ಮುಗಿದುಹೋಗಿ ಅನಾಥವಾದ ಕೆಲಸಗಳನ್ನು ಸಾಕಿಕೊಳ್ಳುವ ಹೊಣೆಯೂ ಅದರದೇ. ಅದು ಸತ್ತರೆ ಇಡೀ ವ್ಯವಸ್ಥೆಯೇ ನಿಂತುಬಿಡುತ್ತದೆ.

ಡೆಬಿಯನ್ ಬಳಸುತ್ತಿದ್ದುದು 'ಸಿಸ್‌ವಿ ಇನಿಟ್'. 1983ರ ಯುನಿಕ್ಸ್ ಸಿಸ್ಟಮ್ ಫೈವ್‌ನ ಮಾದರಿಯಲ್ಲಿ ರೂಪುಗೊಂಡ ಇದರ ರೀತಿ ಸರಳ. ಪ್ರತಿಯೊಂದು ಸೇವೆಗೂ ಯಾರು ಬೇಕಾದರೂ ತೆರೆದು ಓದಬಹುದಾದ ಒಂದು ಆದೇಶಪಟ್ಟಿ, ಪಟ್ಟಿಗಳಿಗೆ ಸಂಖ್ಯೆ, ಆ ಸಂಖ್ಯೆಯ ಕ್ರಮದಲ್ಲಿ ಆರಂಭ. ದೋಷ ಹುಡುಕುವವನಿಗೆ ಇದರಿಂದ ದೊಡ್ಡ ಅನುಕೂಲವಿತ್ತು. ಗಣಕ ಅರ್ಧದಲ್ಲಿ ನಿಂತರೆ ಯಾವ ಪಟ್ಟಿಯಲ್ಲಿ ನಿಂತಿತೆಂದು ನೋಡಿ, ಸಾಲಿನಿಂದ ಸಾಲಿಗೆ ಓದಿ, ತಾನೇ ತಿದ್ದಬಹುದಾಗಿತ್ತು.

ಆದರೆ ಕಾಲ ಬದಲಾಗಿತ್ತು. ಹಿಂದಿನ ಗಣಕದಲ್ಲಿ ಸಲಕರಣೆಗಳು ಇದ್ದಲ್ಲಿಯೇ ಇರುತ್ತಿದ್ದವು. ಈಗ ಬೇಕಾದಾಗ ಚುಚ್ಚಿ, ಬೇಡವಾದಾಗ ಕೀಳುವ ಕಾಲ. ಜಾಲಸಂಪರ್ಕ ಸಿದ್ಧವಾಗುವ ಮೊದಲೇ ಅದನ್ನು ನಂಬಿದ ಸೇವೆ ಎದ್ದರೆ ಅದು ಬಿದ್ದುಹೋಗುವುದು. ಹಳೆಯ ಇನಿಟ್ ಸಾಮಾನ್ಯವಾಗಿ ಸೇವೆಯನ್ನು ಎಬ್ಬಿಸಿ ಕೈಬಿಡುತ್ತಿತ್ತು. ಮುಂದೆ ಆ ಸೇವೆ ಸತ್ತರೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಒಂದು ಸೇವೆ ಹುಟ್ಟಿಸಿದ ಮರಿ ಕೆಲಸಗಳೆಲ್ಲ ಯಾರವು ಎಂಬ ಲೆಕ್ಕವೂ ಸಿಗುತ್ತಿರಲಿಲ್ಲ. ಇದನ್ನು ನಿವಾರಿಸಲು ಪ್ರತಿ ಪಟ್ಟಿಯಲ್ಲಿಯೂ ತೇಪೆಯ ಮೇಲೆ ತೇಪೆ ಬಿದ್ದಿತ್ತು.

ಹೊಸ ದಾರಿಗಳು

ಬದಲಾವಣೆ ಬೇಕೆಂಬುದನ್ನು ಹಲವರು ಒಪ್ಪಿದರು. ಯಾವುದೆಂಬುದೇ ವ್ಯಾಜ್ಯ. 2006ರಲ್ಲಿ ಉಬುಂಟುವಿನ ಹಿಂದಿರುವ ಕ್ಯಾನೋನಿಕಲ್ ಸಂಸ್ಥೆಯಿಂದ 'ಅಪ್‌ಸ್ಟಾರ್ಟ್' ಬಂದಿತ್ತು. ಒಂದು ಘಟನೆ ನಡೆದಾಗ ಅದಕ್ಕೆ ಉತ್ತರವಾಗಿ ಇನ್ನೊಂದನ್ನು ಆರಂಭಿಸುವುದು ಅದರ ಸೂತ್ರ. 2010ರ ಏಪ್ರಿಲ್‌ನಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಲೆನಾರ್ಟ್ ಪೊಟರಿಂಗ್ ಅವರು 'ಸಿಸ್ಟಮ್‌ಡಿ'ಯನ್ನು ಪ್ರಕಟಿಸಿದರು. ಇದು ಸೇವೆಗಳ ಪರಸ್ಪರ ಅವಲಂಬನೆಯನ್ನು ತಿಳಿದು, ಸಾಧ್ಯವಾದವನ್ನೆಲ್ಲ ಏಕಕಾಲದಲ್ಲಿ ಎಬ್ಬಿಸುತ್ತದೆ. ಲಿನಕ್ಸ್ ತಿರುಳಿನ ಸೌಲಭ್ಯವನ್ನು ಬಳಸಿ ಪ್ರತಿಯೊಂದು ಸೇವೆಯ ಮರಿಗಳನ್ನೂ ಲೆಕ್ಕದಲ್ಲಿಡುತ್ತದೆ. ಉದ್ದನೆಯ ಆದೇಶಪಟ್ಟಿಗೆ ಬದಲಾಗಿ ಕೆಲವೇ ಸಾಲುಗಳ ವಿವರಣೆ ಇದಕ್ಕೆ ಸಾಕು. ಫೆಡೋರಾ ಎಂಬ ವ್ಯವಸ್ಥೆ 2011ರಲ್ಲಿಯೇ ಇದನ್ನು ಒಪ್ಪಿಕೊಂಡಿತು.

ವಿರೋಧಿಗಳ ಆಕ್ಷೇಪಗಳೂ ಹಗುರವಾಗಿರಲಿಲ್ಲ. ಒಂದು ಉಪಕರಣ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬುದು ಯುನಿಕ್ಸ್ ಪರಂಪರೆಯ ತತ್ತ್ವ. ಸಿಸ್ಟಮ್‌ಡಿಯಾದರೋ ಇನಿಟ್ ಆಗಿ ಬಂದು, ಬಳಕೆದಾರರ ಪ್ರವೇಶ, ದಿನಚರಿಯ ದಾಖಲೆ ಮೊದಲಾದ ಅನೇಕ ಹೊಣೆಗಳನ್ನು ಒಂದೇ ಸೂರಿನ ಕೆಳಗೆ ತಂದಿತು. ಅದರ ದಿನಚರಿ ಸಾಮಾನ್ಯ ಪಠ್ಯರೂಪದಲ್ಲಿರದೆ ತನ್ನದೇ ಉಪಕರಣದಿಂದ ಓದಬೇಕಾದ ರೂಪದಲ್ಲಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗವೇ ಪೆಟ್ಟಿಗೆಯೊಳಗಿದ್ದರೆ ಗತಿಯೇನು ಎಂದು ಕೇಳಿದಂತಿತ್ತು ಅವರ ಆತಂಕ. ಸಿಸ್ಟಮ್‌ಡಿ ಲಿನಕ್ಸ್ ತಿರುಳಿನ ಮೇಲೆ ಮಾತ್ರ ನಡೆಯುವುದು; ಡೆಬಿಯನ್ ಆಗ ಫ್ರೀಬಿಎಸ್‌ಡಿ ತಿರುಳಿನ ಮೇಲೂ ಒಂದು ರೂಪವನ್ನು ಪೋಷಿಸುತ್ತಿತ್ತು. ಅಪ್‌ಸ್ಟಾರ್ಟಿಗೂ ಅದರದೇ ತೊಡಕಿತ್ತು. ಅದಕ್ಕೆ ತಿದ್ದುಪಡಿ ಕೊಡುವವರು ಕ್ಯಾನೋನಿಕಲ್ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಬೇಕೆಂಬುದು ಹಲವರಿಗೆ ಹಿಡಿಸಲಿಲ್ಲ.

ಒಂದು ಹೆಚ್ಚಿನ ಮತ

2013ರ ಅಕ್ಟೋಬರ್‌ನಲ್ಲಿ ಈ ವ್ಯಾಜ್ಯ ತಾಂತ್ರಿಕ ಸಮಿತಿಯ ಮುಂದೆ ಬಂದಿತು. ಅದಕ್ಕೆ ಬಿದ್ದ ಸಂಖ್ಯೆ 727708. ಒಂದು ಸಣ್ಣ ದೋಷಕ್ಕೂ ಇಡೀ ಸಮುದಾಯದ ಭವಿಷ್ಯಕ್ಕೂ ಒಂದೇ ದಫ್ತರ, ಒಂದೇ ಸಾಲಿನ ಸಂಖ್ಯೆ ಎಂಬುದನ್ನು ಗಮನಿಸಬೇಕು.

ಎಂಟು ಮಂದಿಯ ವಿಚಾರಣೆ ಬಹಿರಂಗವಾಗಿ ನಡೆಯಿತು. ಸಮಿತಿಯ ರಸ್ ಆಲ್ಬೆರಿ ಅವರು ತಾವು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಸೇವೆಯನ್ನು ಎರಡು ವ್ಯವಸ್ಥೆಗಳಿಗೂ ಹೊಂದಿಸಿ, ಅನುಭವವನ್ನು ದೀರ್ಘವಾಗಿ ಬರೆದು ಸಿಸ್ಟಮ್‌ಡಿಯತ್ತ ಒಲಿದರು. ಸಂವಿಧಾನದ ಶಿಲ್ಪಿ ಇಯಾನ್ ಜಾಕ್ಸನ್ ಅವರೂ ತಾವೇ ಪರೀಕ್ಷಿಸಿ ಅಪ್‌ಸ್ಟಾರ್ಟಿನತ್ತ ಒಲಿದರು. ಇಬ್ಬರೂ ಸಮರ್ಥರು, ಪ್ರಾಮಾಣಿಕರು. ಒಂದೇ ವಸ್ತುವನ್ನು ನೋಡಿ ಎರಡು ಸತ್ಯಗಳನ್ನು ಕಂಡರು. ಸಮಿತಿಯಲ್ಲಿ ಕೆಲವರು ಕ್ಯಾನೋನಿಕಲ್ ಸಂಸ್ಥೆಯ ಅಂದಿನ ಅಥವಾ ಹಿಂದಿನ ಉದ್ಯೋಗಿಗಳೆಂಬುದೂ ಚರ್ಚೆಗೆ ಬಂದಿತು. ಬೇರೆ ತಂತ್ರಾಂಶಗಳು ಒಂದೇ ಇನಿಟ್‌ಗೆ ಕಟ್ಟುಬೀಳಬಹುದೇ ಕೂಡದೇ ಎಂಬ ಪ್ರಶ್ನೆಯನ್ನು ಅದೇ ಮತಪತ್ರದಲ್ಲಿ ಸೇರಿಸಬೇಕೇ ಎಂಬುದರ ಮೇಲೆ ವಾದ ಇನ್ನಷ್ಟು ಬಿಸಿಯಾಯಿತು.

2014ರ ಫೆಬ್ರವರಿ 11ರಂದು ಫಲಿತಾಂಶ ಬಂದಿತು. ಸಿಸ್ಟಮ್‌ಡಿಯನ್ನು ಮೇಲಿಟ್ಟವರು 4, ಅಪ್‌ಸ್ಟಾರ್ಟನ್ನು ಮೇಲಿಟ್ಟವರು 4. ಸಂವಿಧಾನ ಕೊಟ್ಟ ನಿರ್ಣಾಯಕ ಮತವನ್ನು ಅಧ್ಯಕ್ಷರಾದ ಬಿಡೇಲ್ ಗಾರ್ಬಿ ಅವರು ಸಿಸ್ಟಮ್‌ಡಿಗೆ ಹಾಕಿದರು. ತೀರ್ಮಾನ ಮುಗಿಯಿತು. ಮೂರು ದಿನಗಳಲ್ಲಿ, ಫೆಬ್ರವರಿ 14ರಂದು, ಕ್ಯಾನೋನಿಕಲ್ ಸಂಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರು ಉಬುಂಟುವೂ ತನ್ನ ಅಪ್‌ಸ್ಟಾರ್ಟನ್ನು ಬಿಟ್ಟು ಡೆಬಿಯನ್ನಿನ ದಾರಿಯನ್ನೇ ಹಿಡಿಯುವುದೆಂದು ಪ್ರಕಟಿಸಿದರು. ಸೋಲನ್ನು ಸೌಜನ್ಯದಿಂದ ಒಪ್ಪಿಕೊಂಡ ಈ ನಡೆ ಸ್ಮರಣೀಯವಾದುದು.

ಸಮಿತಿಯ ತೀರ್ಪಿನಲ್ಲಿ ಒಂದು ವಿನಯದ ವಾಕ್ಯವಿತ್ತು. ಸಮಿತಿಯ ತಾಂತ್ರಿಕ ತೀರ್ಮಾನವನ್ನು ಸದಸ್ಯರು ತಳ್ಳಿಹಾಕಬೇಕಾದರೆ ಸಂವಿಧಾನದ ಪ್ರಕಾರ ಮೂರರಲ್ಲಿ ಎರಡು ಪಾಲು ಬಹುಮತ ಬೇಕಾಗಿತ್ತು. ಆದರೆ ಮುಂದಿನ ಆವೃತ್ತಿ ಹೊರಬರುವ ಮೊದಲು ಸದಸ್ಯರು ಈ ವಿಷಯವಾಗಿ ಸಾಮಾನ್ಯ ನಿರ್ಣಯದ ಮೂಲಕ ತಮ್ಮ ನಿಲುವನ್ನು ತಿಳಿಸಿದರೆ ಅದನ್ನೇ ತನ್ನ ತೀರ್ಮಾನವೆಂದು ಅಂಗೀಕರಿಸುವುದಾಗಿ ಸಮಿತಿ ತಾನಾಗಿಯೇ ಬರೆದುಕೊಟ್ಟಿತು.

ಶರತ್ಕಾಲದ ಬಿರುಗಾಳಿ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ನಮ್ಮ ಹಿರಿಯರ ನುಡಿ. ಇಲ್ಲಿ ಎಲ್ಲರೂ ಮಾತು ಬಲ್ಲವರೇ ಆಗಿದ್ದರು. ಜಗಳ ಮಾತ್ರ ನಿಲ್ಲಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಪೊಟರಿಂಗ್ ಅವರು ತಮಗೆ ಹಿಂಸೆಯ ಬೆದರಿಕೆಗಳು ಬಂದಿವೆಯೆಂದು ಬಹಿರಂಗವಾಗಿ ಬರೆದರು. ಅದೇ ತಿಂಗಳು ಜಾಕ್ಸನ್ ಅವರು ಸಾಮಾನ್ಯ ನಿರ್ಣಯವೊಂದನ್ನು ಮಂಡಿಸಿದರು. ತಂತ್ರಾಂಶಗಳು ಒಂದೇ ಇನಿಟ್ ಇದ್ದರೆ ಮಾತ್ರ ನಡೆಯುವಂತಿರಬಾರದು, ಆಯ್ಕೆಯ ಸ್ವಾತಂತ್ರ್ಯ ಉಳಿಯಬೇಕು ಎಂಬುದು ಅದರ ಸಾರ.

ಮತದಾನದ ದಿನಗಳಲ್ಲಿ ಮನೆಯ ಕಂಬಗಳೇ ಅಲುಗಿದವು. ಡೆಬಿಯನ್ನಿನ ಅನುಸ್ಥಾಪನಾ ತಂತ್ರಾಂಶದ ಕರ್ತೃಗಳಲ್ಲಿ ಪ್ರಮುಖರಾದ ಜೋಯಿ ಹೆಸ್ ಅವರು 18 ವರ್ಷಗಳ ಸೇವೆಯ ಅನಂತರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಸಂವಿಧಾನದ ಕರಡು ಬಂದಾಗಲೇ ತಮಗೆ ಸಂದೇಹವಿದ್ದರೂ ಬಾಯಿಬಿಡದೆ ಸುಮ್ಮನಿದ್ದುದೇ ತಮ್ಮ ವಿಷಾದವೆಂದು ಅವರು ಬರೆದರು. ಸಿಸ್ಟಮ್‌ಡಿಯನ್ನು ಡೆಬಿಯನ್ನಿನಲ್ಲಿ ನೋಡಿಕೊಳ್ಳುತ್ತಿದ್ದ ತಂಡದಿಂದ ಟೋಲೆಫ್ ಫಾಗ್ ಹೇನ್ ಅವರು ಹೊರಬಂದರು. ತಾಂತ್ರಿಕ ಸಮಿತಿಯಿಂದ ರಸ್ ಆಲ್ಬೆರಿ, ಕಾಲಿನ್ ವಾಟ್ಸನ್ ಇಬ್ಬರೂ ನಿರ್ಗಮಿಸುವುದಾಗಿ ತಿಳಿಸಿದರು. ಇವರಲ್ಲಿ ಒಬ್ಬರು ಗೆದ್ದ ಪಕ್ಷದವರು, ಇನ್ನೊಬ್ಬರು ಸೋತ ಪಕ್ಷದವರು. ದಣಿವಿಗೆ ಪಕ್ಷಭೇದವಿರಲಿಲ್ಲ.

ನವೆಂಬರ್ 18ರಂದು ಬಂದ ಫಲಿತಾಂಶ ಕುತೂಹಲಕರವಾಗಿತ್ತು. ಸದಸ್ಯರು ಆ ಪಕ್ಷವನ್ನೂ ಈ ಪಕ್ಷವನ್ನೂ ಆರಿಸದೆ, 'ಇದಕ್ಕೆ ಸಾಮಾನ್ಯ ನಿರ್ಣಯದ ಅಗತ್ಯವಿಲ್ಲ' ಎಂಬ ಆಯ್ಕೆಯನ್ನೇ ಗೆಲ್ಲಿಸಿದರು. ಮರುದಿನ ಜಾಕ್ಸನ್ ಅವರೂ ಸಮಿತಿಯನ್ನು ಬಿಟ್ಟರು. ತಾವೇ ಕಟ್ಟಿದ ನಿಯಮಗಳ ಪ್ರಕಾರ, ತಾವೇ ತಂದ ಪ್ರಸ್ತಾವದಲ್ಲಿ ಸೋತು, ಆ ನಿಯಮಗಳನ್ನು ಮುರಿಯದೆ ಅವರು ಹೊರನಡೆದರು. ಅದೇ ತಿಂಗಳ ಕೊನೆಯಲ್ಲಿ ಭಿನ್ನಮತೀಯರ ಒಂದು ಗುಂಪು ಡೆಬಿಯನ್ನಿನ ಪ್ರತಿಯನ್ನು ತೆಗೆದುಕೊಂಡು ಸಿಸ್ಟಮ್‌ಡಿ ಇಲ್ಲದ 'ದೇವುವಾನ್' ಎಂಬ ಬೇರೆ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿತು.

ಬಿರುಗಾಳಿ ಉಳಿಸಿದ್ದೇನು

2015ರ ಏಪ್ರಿಲ್ 25ರಂದು 'ಜೆಸ್ಸಿ' ಎಂಬ ಹೆಸರಿನ 8ನೆಯ ಆವೃತ್ತಿ ಸಿಸ್ಟಮ್‌ಡಿಯೊಡನೆ ಹೊರಬಂದಿತು. ಬೇಡವೆನ್ನುವವರು ಹಳೆಯ ಇನಿಟ್‌ಗೆ ಮರಳುವ ದಾರಿಯೂ ಇತ್ತು. ದಿನಚರಿಯನ್ನು ಪಠ್ಯರೂಪದಲ್ಲಿ ಬರೆಯುವ ಹಳೆಯ ಸೇವೆಯೂ ಜೊತೆಗೇ ಉಳಿಯಿತು. 2023ರ 12ನೆಯ ಆವೃತ್ತಿಯಲ್ಲಿ ಮಾತ್ರ ಅದು ತಾನಾಗಿ ಸೇರಿಬರುವುದು ನಿಂತಿತು. ಆಕ್ಷೇಪವೊಂದನ್ನು ಗೌರವಿಸಲು ಡೆಬಿಯನ್ ಎಂಟು ವರ್ಷ ಎರಡು ದಿನಚರಿಗಳನ್ನು ಬರೆಯಿತೆಂದರೆ ತಪ್ಪಾಗಲಾರದು. ದೇವುವಾನ್ ಬಳಗವೂ ಮಾತಿಗೆ ತಪ್ಪದೆ 2017ರ ಮೇ ತಿಂಗಳಲ್ಲಿ ತನ್ನ ಮೊದಲ ಸ್ಥಿರ ಆವೃತ್ತಿಯನ್ನು ಹೊರತಂದಿತು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದುದು ನಿಯಮಗಳಲ್ಲಿ ಆದ ಬದಲಾವಣೆ. ಬಿರುಗಾಳಿ ಅಡಗುವ ಮೊದಲೇ, 2014ರ ಡಿಸೆಂಬರ್‌ನಲ್ಲಿ, ತಾಂತ್ರಿಕ ಸಮಿತಿಯ ಸದಸ್ಯತ್ವಕ್ಕೆ ಕಾಲಮಿತಿ ಬಂದಿತು. ಅಲ್ಲಿಯವರೆಗೆ ಅಂಥ ಮಿತಿಯೇ ಇರಲಿಲ್ಲ. ಅನಂತರ ಅತಿ ಹಿರಿಯರು ಸರದಿಯಂತೆ ಸ್ಥಾನ ತೆರವು ಮಾಡಬೇಕಾಯಿತು. 2019ರ ಡಿಸೆಂಬರ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಮತಕ್ಕೆ ಬಂದಾಗ, ಸಿಸ್ಟಮ್‌ಡಿಯೇ ಮುಖ್ಯ, ಆದರೆ ಬೇರೆ ದಾರಿಗಳ ಅನ್ವೇಷಣೆಗೂ ನಮ್ಮ ಬೆಂಬಲವಿದೆ ಎಂಬ ನಿಲುವು ಗೆದ್ದಿತು. 2014ರಲ್ಲಿ ಆಡದೆ ಬಿಟ್ಟ ಮಾತನ್ನು ಐದು ವರ್ಷಗಳ ಅನಂತರ ಸದಸ್ಯರು ತಾವೇ ಆಡಿದರು. 2022ರ ಜನವರಿಯಲ್ಲಿ ಸಂವಿಧಾನಕ್ಕೆ ಇನ್ನೊಂದು ತಿದ್ದುಪಡಿಯಾಯಿತು. ಚರ್ಚೆ ಎಷ್ಟು ದಿನ ನಡೆಯಬೇಕು, ಮತದಾನ ಹೇಗೆ ಆರಂಭವಾಗಬೇಕು ಎಂಬುದು ಸ್ಪಷ್ಟವಾಯಿತು. ಅದನ್ನು ಮಂಡಿಸಿದವರು ದಣಿದು ಸಮಿತಿಯನ್ನು ಬಿಟ್ಟಿದ್ದ ಅದೇ ರಸ್ ಆಲ್ಬೆರಿ. ಯಂತ್ರದಲ್ಲಿ ದೋಷ ಹುಡುಕಿ ತಿದ್ದುವವರು ತಮ್ಮ ಮಾತುಕತೆಯ ಪದ್ಧತಿಯಲ್ಲಿಯೂ ದೋಷವಿದೆಯೆಂದು ಕಂಡು ಅದನ್ನೂ ತಿದ್ದಿಕೊಂಡರು.

ಹಾಗಾದರೆ ಸಂವಿಧಾನ ಗೆದ್ದಿತೇ? ಜೋಯಿ ಹೆಸ್ ಅವರ ವಿಷಾದವನ್ನು ನೆನೆದರೆ ಹಾಗೆಂದು ಸುಲಭವಾಗಿ ಹೇಳಲಾಗದು. ನಿಯಮ ತೀರ್ಮಾನವನ್ನು ಕೊಡಬಲ್ಲದು, ಸಮಾಧಾನವನ್ನು ಕೊಡಲಾರದು. ನಾಲ್ಕಕ್ಕೆ ನಾಲ್ಕಾದಾಗ ಹಾಕಿದ ಒಂದು ಮತ ಗಣಕಕ್ಕೆ ಸಾಕಾಯಿತು, ಮನಸ್ಸುಗಳಿಗೆ ಸಾಲಲಿಲ್ಲ. ಆದರೂ ನಿಯಮವಿಲ್ಲದಿದ್ದರೆ ಬೆದರಿಕೆ ಹಾಕಿದವರ ಗಟ್ಟಿ ದನಿಯೇ ನ್ಯಾಯವಾಗುತ್ತಿತ್ತು. ಎಲ್ಲವನ್ನೂ ಬಹಿರಂಗವಾಗಿ ದಾಖಲಿಸಿದ್ದರಿಂದ ಯಾರು ಏಕೆ ಹಾಗೆಂದರೆಂಬುದನ್ನು ಇಂದಿಗೂ ಓದಬಹುದು. ಹೊರಹೋಗುವವರು ಬರಿಗೈಯಲ್ಲಿ ಹೋಗದೆ ಇಡೀ ಮನೆಯ ಪ್ರತಿಯನ್ನೇ ಒಯ್ಯುವ ಹಕ್ಕಿದ್ದುದರಿಂದ ಅಗಲಿಕೆ ವಿನಾಶವಾಗಲಿಲ್ಲ.

ಡೆಬಿಯನ್ನನ್ನು ಹುಟ್ಟಿಸಿದ ಇಯಾನ್ ಮರ್ಡಾಕ್ ಅವರು 2015ರ ಡಿಸೆಂಬರ್ 28ರಂದು ತೀರಿಕೊಂಡರು. ಅವರು ನೆಟ್ಟ ಸಸಿಯ ನೆರಳು ನಮ್ಮ ನುಡಿಯವರೆಗೂ ಚಾಚಿದೆ. ಡೆಬಿಯನ್ನನ್ನು ಗಣಕದಲ್ಲಿ ಕೂರಿಸುವಾಗ ಕೇಳುವ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಓದಬಹುದು. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಕನ್ನಡ ಅಕ್ಷರಶೈಲಿಗಳು ಅದರ ಭಂಡಾರದಲ್ಲಿವೆ. 2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನವೂ ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ ನಡೆಯಿತು.

ಸಭಿಕರೇ, ನಮ್ಮ ಕೂಟಗಳಿಗೂ ಒಡೆಯರಿಲ್ಲ. ವಾರದ ದುಡಿಮೆ ಮುಗಿಸಿ ಬಂದು ಪಾತ್ರೆ ತೊಳೆಯುವವರು, ಮಕ್ಕಳಿಗೆ ಅಕ್ಷರ ತಿದ್ದಿಸುವವರು, ಪತ್ರಿಕೆ ಅಚ್ಚು ಹಾಕುವವರು ಎಲ್ಲರೂ ಮನಸ್ಸಿದ್ದು ಬಂದವರು, ಅವರನ್ನು ಬಲಾತ್ಕರಿಸುವಂತಿಲ್ಲ. ಭಿನ್ನಮತ ಬಂದೇ ಬರುತ್ತದೆ. ಅದು ಬರುವ ಮೊದಲೇ ನಿಯಮವನ್ನು ಬರೆದಿಡುವುದು, ಬಂದಾಗ ಮುಚ್ಚಿಡದೆ ಮಾತನಾಡುವುದು, ಗೆದ್ದಾಗ ಸೋತವರ ದಿನಚರಿಗೂ ಒಂದಿಷ್ಟು ಜಾಗ ಉಳಿಸುವುದು, ಹಿರಿಯ ಸ್ಥಾನವನ್ನು ಸಕಾಲದಲ್ಲಿ ತೆರವು ಮಾಡುವುದು, ಇಷ್ಟನ್ನು ಈ ಇತಿಹಾಸದಿಂದ ನಾವು ಕಲಿಯಬಹುದು. ಹೊರಟುಹೋದವರು ಮರಳಿ ಬಂದಾಗ ಕೂರಲು ಒಂದು ಕುರ್ಚಿ ಇರಲಿ.